ಸಹಾಯ ಬೇಕು: ಕಾರಿನ ಗ್ಲಾಸ್ ಪಾಲಿಶ್ ಮಾಡಿಸ್ಲಾ, ಬದಲಾಯಿಸ್ಲಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಸಂಡೂರಲ್ಲಿ, ಕಾರು 2012ರದ್ದು. ಅದಿರು ಲಾರಿಗಳ ಕೆಂಪು ಧೂಳು ಬಾಗಿಲಿನ ರಬ್ಬರ್ ಬೀಡಿಂಗ್‌ನಲ್ಲಿ ಕೂತು, ಡ್ರೈವರ್ ಕಡೆ ಗ್ಲಾಸ್ ಏರಿಸಿ ಇಳಿಸಿ ಮಾಡಿದ್ದಕ್ಕೆ ಉದ್ದುದ್ದ ಗೀರು ಬಿದ್ದಿವೆ. ರಾತ್ರಿ ಹಿಂದಿನ ಗಾಡಿ ಲೈಟ್ ಬಿದ್ರೆ ಸೈಡ್ ಮಿರರ್ ಕಾಣೋದೇ ಇಲ್ಲ. ಅಮ್ಮನ್ನ ಡಯಾಲಿಸಿಸ್‌ಗೆ ಬಳ್ಳಾರಿಗೆ ಕರ್ಕೊಂಡು ಹೋಗಿ ಕತ್ತಲಲ್ಲೇ ವಾಪಸ್ ಬರ್ಬೇಕು, ತುಂಬಾ ಭಯ ಆಗುತ್ತೆ.

ಗ್ಲಾಸ್ ಪಾಲಿಶ್‌ಗೆ ಬಳಸೋ ಸೀರಿಯಂ ಆಕ್ಸೈಡ್ ಪುಡಿ ನೀರಲ್ಲಿ ಕಲಸಿ, ಫೆಲ್ಟ್ (ಒತ್ತಿದ ಉಣ್ಣೆ ಬಟ್ಟೆ) ಪ್ಯಾಡ್‌ನಲ್ಲಿ ಎರಡು ಭಾನುವಾರ ಉಜ್ಜಿದೆ. ಸಣ್ಣ ಗೀರು ಹೋದ್ವು. ಮೂರು ಗೀರು ಮಾತ್ರ ಇನ್ನೂ ಉಗುರಿಗೆ ತಗಲ್ತವೆ. ಮತ್ತೆ ಉಜ್ಜಿದ್ರೆ ಅಲ್ಲಿ ಗ್ಲಾಸ್ ತಗ್ಗಾಗಿ ಆಚೆಯದ್ದೆಲ್ಲ ಸೊಟ್ಟಗೆ ಕಾಣುತ್ತೆ ಅಂತಾರೆ ಒಬ್ಬ ಮೆಕ್ಯಾನಿಕ್. ಇನ್ನೊಬ್ರು ಪಾಲಿಶ್ ಸಾಕು ಅಂತಾರೆ.

ಉಗುರಿಗೆ ಸಿಗೋ ಗೀರನ್ನ ಪಾಲಿಶ್‌ನಲ್ಲಿ ಯಾರಾದ್ರೂ ಪೂರ್ತಿ ತೆಗೆಸಿದ್ದೀರಾ, ಇಲ್ಲ ಗ್ಲಾಸೇ ಬದಲಾಯಿಸ್ಬೇಕಾ? ಬದಲಾಯಿಸಿದ್ರೆ ಬೀಡಿಂಗೂ ಹೊಸದೇ ಹಾಕಿಸ್ಬೇಕಾ?