ಪ್ರಶ್ನೋತ್ತರ: ಮಾತು ತಡವಾದ ಮಗು, ದನಿ ಒಡೆದ ಮಗು

ಪ್ರಶ್ನೆ (ಒಬ್ಬ ತಾಯಿ):
ಮೇಡಂ, ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ಅಮ್ಮ, ಬಾ, ಬೇಡ ಎಲ್ಲಾ ಸೇರಿ ಹತ್ತು ಹನ್ನೆರಡು ಮಾತು ಬರುತ್ತೆ, ಅಷ್ಟೆ. ಏನಾದರೂ ಬೇಕಾದರೆ ಕೈ ಹಿಡಿದು ಎಳೆದುಕೊಂಡು ಹೋಗ್ತಾನೆ. ನಮ್ಮತ್ತೆ "ಇವನಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ, ಸುಮ್ಮನಿರು" ಅಂತಾರೆ. ಕಾಯಬಹುದಾ? ನಾನೇ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲವೇನೋ ಅಂತ ರಾತ್ರಿ ನಿದ್ದೆ ಬರಲ್ಲ.

ಉತ್ತರ (ಸ್ಪೀಚ್ ಥೆರಪಿಸ್ಟ್):
ಮೊದಲು ಕೊನೇ ಸಾಲಿಗೆ ಉತ್ತರ ಹೇಳಿಬಿಡ್ತೀನಿ. ನಿಮ್ಮಿಂದ ಹೀಗಾಯಿತು ಅನ್ನೋದನ್ನು ತಲೆಯಿಂದ ತೆಗೆದುಹಾಕಿ. ಮನೆಯಲ್ಲಿ ಆಡೋ ಮಾಮೂಲಿ ಮಾತು ಕಿವಿಗೆ ಬೀಳ್ತಿದ್ದರೆ ಸಾಕು, ಹೆಚ್ಚಿನ ಮಕ್ಕಳು ಅದರಲ್ಲೇ ಕಲೀತಾರೆ. ಕಲಿಯಲಿಲ್ಲ ಅಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಅಮ್ಮ ಬಾ", "ನೀರು ಬೇಕು" ಅಂತ ಎರಡೆರಡು ಪದ ಸೇರಿಸೋದು ನಾವು ನಿರೀಕ್ಷಿಸೋ ಮಟ್ಟ. ಹಿಂದೆ ಬಿದ್ದ ಮಕ್ಕಳಲ್ಲಿ ಎಷ್ಟೋ ಜನ ತಾವಾಗಿಯೇ ಸರಿಹೋಗ್ತಾರೆ, ನಿಮ್ಮತ್ತೆ ಸುಳ್ಳು ಹೇಳ್ತಿಲ್ಲ. ಆದರೆ ಯಾರು ಸರಿಹೋಗ್ತಾರೆ, ಯಾರು ಹಾಗೇ ಉಳೀತಾರೆ ಅಂತ ಈ ವಯಸ್ಸಲ್ಲಿ ಮುಖ ನೋಡಿ ಹೇಳೋಕೆ ನಮಗೂ ಆಗಲ್ಲ. ಇನ್ನೊಂದು ಮಾತು: ಅಪ್ಪನಿಗೂ ಮಾತು ತಡ ಆಗಿತ್ತು ಅನ್ನೋದನ್ನು ಮನೆಯವರು ಸಮಾಧಾನಕ್ಕೆ ಹೇಳ್ತಾರೆ, ನಾವು ಅದನ್ನು ಕೇಸ್ ಹಾಳೆಯಲ್ಲಿ ಗೆರೆ ಎಳೆದು ಬರ್ಕೋತೀವಿ. ಭಾಷೆಯ ತೊಡಕು ಕುಟುಂಬದಲ್ಲಿ ಹರಿದು ಬರೋದುಂಟು. ಹಾಗಾಗಿ ಪರೀಕ್ಷೆ ಮಾಡಿಸೋಕೆ ಇದೇ ಒಂದು ಕಾರಣ.

ನಾನು ಪದ ಎಣಿಸೋ ಮುಂಚೆ, ಅರ್ಥ ಎಷ್ಟಾಗುತ್ತೆ ಅಂತ ನೋಡ್ತೀನಿ. ಕೈ ತೋರಿಸದೆ, ಆ ಕಡೆ ಕಣ್ಣೂ ಹಾಯಿಸದೆ "ಚಪ್ಪಲಿ ತಗೊಂಡು ಬಾ" ಅನ್ನಿ. ತರ್ತಾನಾ? "ಎಲ್ಲಾ ಅರ್ಥ ಆಗುತ್ತೆ ಮೇಡಂ" ಅನ್ನೋ ಎಷ್ಟೋ ತಂದೆತಾಯಿಯರು ತಮಗೇ ಗೊತ್ತಿಲ್ಲದೆ ಬಾಗಿಲ ಕಡೆ ಮುಖ ತಿರುಗಿಸಿರ್ತಾರೆ. ಮಗು ಮಾತನ್ನಲ್ಲ, ಆ ಮುಖವನ್ನು ಓದಿರುತ್ತೆ. ಅರ್ಥ ಚೆನ್ನಾಗಿದ್ದು ಮಾತು ಮಾತ್ರ ತಡವಾಗಿದ್ದರೆ ನನಗೆ ಅರ್ಧ ಭಾರ ಇಳಿದ ಹಾಗೆ. ಅರ್ಥವೇ ಕಡಿಮೆ ಇದ್ದರೆ ಒಂದು ದಿನವೂ ಕಾಯಿ ಅನ್ನಲ್ಲ.

ಆಮೇಲೆ ಸೋಪಿನ ಗುಳ್ಳೆ ಊದೋ ಡಬ್ಬಿ ತೆಗೀತೀನಿ. ನಾಲ್ಕು ಸಲ ಊದಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಡಬ್ಬಿ ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂತ್ಕೋತೀನಿ. ಒಂದು ಮಗು ಎಳೆದು ನೋಡಿ, ಡಬ್ಬಿ ನನ್ನ ಮಡಿಲಲ್ಲಿಟ್ಟು, ನನ್ನ ಕಣ್ಣಲ್ಲಿ ಕಣ್ಣಿಟ್ಟು "ಊ" ಅನ್ನುತ್ತೆ. ಮಾತು ಬರದಿದ್ದರೂ ಸಂವಹನ ಪೂರ್ತಿ ಇದೆ. ಇನ್ನೊಂದು ಮಗು ನನ್ನ ಮುಖ ನೋಡದೆ ನನ್ನ ಕೈಯನ್ನು ಹಿಡಿದು ಮುಚ್ಚಳದ ಮೇಲಿಡುತ್ತೆ, ಕೈ ಒಂದು ಸಲಕರಣೆ ಅನ್ನೋ ಹಾಗೆ. ಆಗ ಆಟಿಸಂ ಕುರಿತು ಇನ್ನಷ್ಟು ವಿವರವಾಗಿ ನೋಡಬೇಕಾಗುತ್ತೆ. ನಿಮ್ಮ ಮಗ ಕೈ ಹಿಡಿದು ಎಳೆಯುವಾಗ ತಿರುಗಿ ನಿಮ್ಮ ಮುಖ ನೋಡ್ತಾನಾ? ಬೆರಳು ಮಾಡಿ ತೋರಿಸ್ತಾನಾ? ಇದನ್ನು ಗಮನಿಸಿ ಇಲ್ಲೇ ಬರೆಯಿರಿ.

ಇದೆಲ್ಲದಕ್ಕಿಂತ ಮೊದಲು ಶ್ರವಣ ಪರೀಕ್ಷೆ ಮಾಡಿಸಿ.

ಅದೇ ತಾಯಿ:
ತಿರುಗಿ ನೋಡ್ತಾನೆ, ನಗ್ತಾನೆ. ಬೆರಳು ಮಾಡಿ ತೋರಿಸೋದೂ ಇದೆ. ಕಿವಿ ಚೆನ್ನಾಗೇ ಕೇಳುತ್ತೆ ಮೇಡಂ, ಪಾತ್ರೆ ಬಿದ್ದರೆ ಬೆಚ್ಚಿಬೀಳ್ತಾನೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲೂ ಪಾಸ್.

ಉತ್ತರ:
ತಿರುಗಿ ನೋಡ್ತಾನೆ ಅಂದಿದ್ದು ಕೇಳಿ ತುಂಬಾ ಸಂತೋಷ ಆಯ್ತು. ಆದರೂ ಕಿವಿ ಪರೀಕ್ಷೆ ಬಿಡಬೇಡಿ. ಪಾತ್ರೆ ಬಿದ್ದ ಸದ್ದು ತುಂಬಾ ಜೋರು. ಮಾತಿನಲ್ಲಿರೋ ಸ, ಶ, ಫ ಇವೆಲ್ಲ ಬಲು ಮೆತ್ತಗಿನ ಸದ್ದುಗಳು. ಬಾಗಿಲು ಬಡಿದದ್ದು ಕೇಳಿಸುವ ಮಗುವಿಗೂ ಅವು ಕೇಳಿಸದೇ ಇರಬಹುದು. ಹುಟ್ಟಿದಾಗ ಪಾಸಾದ ಮೇಲೂ ಕೇಳುವಿಕೆ ಕುಗ್ಗಬಹುದು. ಪದೇಪದೇ ಶೀತ ಆಗೋ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೋವೇ ಇಲ್ಲದೆ ನೀರು ನಿಲ್ಲುತ್ತೆ. ನೀರೊಳಗೆ ಮುಳುಗಿ ಹೊರಗಿನ ಮಾತು ಕೇಳಿದ ಹಾಗೆ, ಪದಗಳ ಅಂಚೆಲ್ಲ ಮಸುಕು. ಟಿಂಪನೋಮೆಟ್ರಿ ಅನ್ನೋ ಪರೀಕ್ಷೆಯಲ್ಲಿ ಕೆಲವೇ ಕ್ಷಣದಲ್ಲಿ ಇದು ಗೊತ್ತಾಗುತ್ತೆ. ಒಳಗಿವಿ ಮತ್ತು ನರ ನೋಡೋಕೆ ಓ.ಎ.ಇ., ಬೆರಾ ಅಂತ ಇವೆ. ಚುಚ್ಚೋದಿಲ್ಲ, ನೋವಿಲ್ಲ.

ಇನ್ನೊಬ್ಬ ಸದಸ್ಯರು:
ನಮ್ಮ ಮನೆಯಲ್ಲಿ ಎರಡು ಭಾಷೆ. ಗೊಂದಲ ಆಗುತ್ತೆ, ಒಂದನ್ನು ನಿಲ್ಲಿಸಿ ಅಂತ ಶಾಲೆಯಲ್ಲಿ ಹೇಳಿದರು.

ಉತ್ತರ:
ನಿಲ್ಲಿಸಬೇಡಿ. ಎರಡು ಭಾಷೆ ಕೇಳಿಸಿಕೊಂಡ ಮಾತ್ರಕ್ಕೆ ಭಾಷೆಯ ತೊಡಕು ಹುಟ್ಟಲ್ಲ. ತೊಡಕು ಇದ್ದರೆ ಎರಡರಲ್ಲೂ ಕಾಣುತ್ತೆ. ಪದ ಎಣಿಸುವಾಗ ಎರಡೂ ಭಾಷೆಯದ್ದನ್ನು ಕೂಡಿಸಿ. ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡ್ತಾರೋ ಆ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳೋದು ನನಗಂತೂ ಸಂಕಟದ ವಿಷಯ.

ಮತ್ತೊಬ್ಬರು:
ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತಂತಲ್ಲ?

ಉತ್ತರ:
ಇಲ್ಲ. ಆ ದಾರ ತೀರಾ ಬಿಗಿಯಾಗಿದ್ದರೆ ಹಾಲು ಕುಡಿಯೋಕೆ ಕಷ್ಟ ಆಗಬಹುದು, ಕೆಲವರಿಗೆ ಒಂದೆರಡು ಅಕ್ಷರದ ಉಚ್ಚಾರ ತೊಡಕಾಗಬಹುದು. ಮಾತೇ ಬರದಿರೋದಕ್ಕೆ ಅದು ಕಾರಣ ಅಲ್ಲ.

ಮೊದಲ ತಾಯಿ:
ಪರೀಕ್ಷೆಯ ದಿನ ಬರೋವರೆಗೆ ಮನೆಯಲ್ಲಿ ಏನು ಮಾಡಲಿ?

ಉತ್ತರ:
"ಹೇಳು, ಹೇಳು, ಚೆಂಡು ಅನ್ನು" ಅನ್ನೋದನ್ನು ಪೂರ್ತಿ ಬಿಡಿ. ಒತ್ತಾಯ ಮಾಡಿದಷ್ಟೂ ಮಗು ಬಾಯಿ ಮುಚ್ಚುತ್ತೆ. ಅವನು ಏನು ನೋಡ್ತಿದ್ದಾನೋ ಅದರ ಬಗ್ಗೆ ಪುಟ್ಟದಾಗಿ ಮಾತಾಡಿ. ಅವನು "ಚೆಂಡು" ಅಂದರೆ ನೀವು "ಚೆಂಡು ಬಿತ್ತು" ಅನ್ನಿ, ಒಂದೇ ಪದ ಜಾಸ್ತಿ. ಆಮೇಲೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಸುಮ್ಮನಿರಿ. ತುಂಬಾ ಕಷ್ಟವಾದ ಭಾಗ ಈ ಸುಮ್ಮನಿರೋದೇ, ಆದರೆ ಮಗುವಿನ ಸರದಿ ಇರೋದು ಆ ಮೌನದಲ್ಲಿ. ಮೊಬೈಲ್ ವಿಷಯಕ್ಕೆ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಕಡಿಮೆ ಇದ್ದಷ್ಟೂ ಒಳ್ಳೇದು.

ಪ್ರಶ್ನೆ (ಒಬ್ಬ ತಂದೆ):
ಮೇಡಂ, ನಮ್ಮ ಸಮಸ್ಯೆ ಬೇರೆ. ಮಗನಿಗೆ ಏಳು ವರ್ಷ, ಮಾತು ಧಾರಾಳ. ಆದರೆ ಆರು ತಿಂಗಳಿಂದ ದನಿ ಒಡೆದಿದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಪೂರ್ತಿ ಗೊಗ್ಗರು. ಶೀತ ಅಂತ ಸಿರಪ್ ಕುಡಿಸಿದ್ದಾಯ್ತು. ಈಗ ಯಾರೋ ಗಂಟಲಲ್ಲಿ ಗಂಟು, ಆಪರೇಷನ್ ಅಂತಿದ್ದಾರೆ.

ಉತ್ತರ:
ಆರು ತಿಂಗಳು ಬಹಳ ಆಯ್ತು ಸರ್. ದನಿ ಒಡೆದು 4 ವಾರ ಕಳೆದರೂ ಸರಿಹೋಗದಿದ್ದರೆ ಇ.ಎನ್.ಟಿ. ವೈದ್ಯರು ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಲೇಬೇಕು. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ತಾರೆ. ಹೊರಗಿನಿಂದ ದನಿ ಕೇಳಿ ನಾನು ಗಂಟು ಅಂತ ಊಹಿಸಬಹುದು, ಆದರೆ ಒಳಗೆ ನೋಡದೆ ಥೆರಪಿ ಶುರು ಮಾಡಲ್ಲ. ವೈರಸ್‌ನಿಂದ ಬರೋ ಪ್ಯಾಪಿಲೋಮಾ ಅನ್ನೋ ಗುಳ್ಳೆಗಳೂ ಒಡೆದ ದನಿಯಿಂದಲೇ ಶುರುವಾಗುತ್ತವೆ, ಅವು ಬೆಳೆದು ಉಸಿರಿನ ದಾರಿಗೇ ಅಡ್ಡ ಬರಬಹುದು. ಉಸಿರು ಎಳೆಯುವಾಗ ಸೀಟಿ ಹೊಡೆದ ಹಾಗೆ ಸದ್ದು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನೋಡಿದ ಮೇಲೆ ಗಂಟೇ ಅಂತ ಆದರೆ ಹೆದರಬೇಡಿ. ಈ ವಯಸ್ಸಿನ ಮಕ್ಕಳ ಧ್ವನಿತಂತುಗಳು ಮಾತಾಡುವಾಗ ಸೆಕೆಂಡಿಗೆ ಸುಮಾರು 250ರಿಂದ 300 ಸಲ ಒಂದಕ್ಕೊಂದು ತಾಗುತ್ತವೆ. ಕಿರುಚಿದರೆ ಆ ತಾಗುವಿಕೆ ಬಡಿತವಾಗುತ್ತೆ. ಗುದ್ದಲಿ ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುವ ಹಾಗೆ, ಹೆಚ್ಚು ಪೆಟ್ಟು ಬೀಳೋ ಜಾಗದಲ್ಲಿ ಎರಡೂ ತಂತುಗಳ ಮೇಲೆ ಎದುರುಬದುರಾಗಿ ಪುಟ್ಟ ಗಂಟು ಏಳುತ್ತೆ. ಇದು ಕ್ಯಾನ್ಸರ್ ಅಲ್ಲ. ಮಕ್ಕಳಲ್ಲಿ ಮೊದಲ ಮದ್ದು ಧ್ವನಿ ಥೆರಪಿಯೇ. ಕತ್ತರಿ ಬೇಕಾಗೋದು ಅಪರೂಪ, ಅಭ್ಯಾಸ ಬದಲಾಗದಿದ್ದರೆ ತೆಗೆದ ಗಂಟು ಮತ್ತೆ ಬರುತ್ತೆ.

ಇಂಥ ಒಬ್ಬ ಹುಡುಗನಿಗೆ "ಆ" ಅಂತ ಎಷ್ಟು ಹೊತ್ತು ಎಳೀತೀಯೋ ಎಳಿ ಅಂದಿದ್ದೆ. ನಾಲ್ಕು ಸೆಕೆಂಡಿಗೆ ದನಿ ಹರಿದು ಬರೀ ಗಾಳಿ ಉಳೀತು, ಕತ್ತಿನ ಎರಡೂ ಕಡೆ ಸ್ನಾಯು ಹಗ್ಗದ ಹಾಗೆ ಎದ್ದಿತ್ತು. "ಕಿರುಚಬೇಡ" ಅಂತ ನಾನು ಒಂದು ಸಲವೂ ಹೇಳಲಿಲ್ಲ, ಮನೆಯವರು ಸಾವಿರ ಸಲ ಹೇಳಿಯಾಗಿತ್ತು. ಗೆಳೆಯನನ್ನು ಕರೆಯೋಕೆ ಹತ್ತಿರ ಓಡಿಹೋಗೋದು, ಚಪ್ಪಾಳೆ ಹೊಡೆಯೋದು ಕಲಿಸಿದೆ. ತುಟಿ ಮುಚ್ಚಿ "ಮ್‌ಮ್" ಅಂದಾಗ ಮೂಗಿನ ಮೇಲೆ ಆಗೋ ಜುಮುಜುಮು ಹುಡುಕೋ ಆಟ ಆಡಿದೆವು. ಆ ಜುಮುಜುಮು ಸಿಕ್ಕ ಕಡೆ ಗಂಟಲಿಗೆ ಶ್ರಮ ಇಲ್ಲ. ಪಿಸುಮಾತನ್ನು ವಿಶ್ರಾಂತಿ ಅಂದುಕೊಳ್ಳಬೇಡಿ, ಬಲವಂತದ ಪಿಸುಮಾತೂ ತಂತುಗಳನ್ನು ಬಿಗಿ ಮಾಡುತ್ತೆ. ಪದೇಪದೇ ಗಂಟಲು ಕೆರೆದುಕೊಳ್ತಿದ್ದರೆ ಆಗ ಒಂದು ಗುಟುಕು ನೀರು ಕೊಡಿ. ಮನೆಯಲ್ಲಿ ಟಿವಿ ಸದ್ದು ತಗ್ಗಿಸಿ, ಅವನಿಗೆ ಅದರ ಮೇಲೆ ಕೂಗೋ ಅಗತ್ಯವೇ ಬರಬಾರದು.

ಪ್ರಶ್ನೆ:
ಹದಿನಾರು ವರ್ಷದ ತಮ್ಮನ ದನಿ ಇನ್ನೂ ಹುಡುಗಿಯ ಹಾಗೆ. ಫೋನೇ ಎತ್ತಲ್ಲ.

ಉತ್ತರ:
ಮೀಸೆ, ಎತ್ತರ ಎಲ್ಲಾ ಬಂದು ದನಿ ಮಾತ್ರ ಉಳಿದಿದ್ದರೆ ಅದನ್ನು ಪ್ಯೂಬರ್‌ಫೋನಿಯಾ ಅಂತೀವಿ. ವೈದ್ಯರು ಧ್ವನಿಪೆಟ್ಟಿಗೆ, ಹಾರ್ಮೋನು ನೋಡಲಿ. ಎಲ್ಲಾ ಸರಿಯಿದ್ದರೆ ಥೆರಪಿಗೆ ಬಹಳ ಚೆನ್ನಾಗಿ ಒಗ್ಗುವ ತೊಂದರೆ ಇದು. ಕೆಮ್ಮಿನಲ್ಲೋ ಆಕಳಿಕೆಯಲ್ಲೋ ಅವನ ನಿಜವಾದ ದನಿ ಆಗಲೇ ಇರುತ್ತೆ, ಅದನ್ನು ಹಿಡಿದು ಮಾತಿಗೆ ತರ್ತೀವಿ. ಅಲ್ಲಿವರೆಗೆ ಮನೆಯಲ್ಲಿ ಯಾರೂ ಅಣಕಿಸದ ಹಾಗೆ ನೋಡಿಕೊಳ್ಳಿ.

ಮೊದಲ ತಾಯಿ:
ಮೇಡಂ, ಶ್ರವಣ ಪರೀಕ್ಷೆಗೆ ದಿನ ಸಿಕ್ಕಿತು. ಹೋಗುವಾಗ ಏನು ತಗೊಂಡು ಹೋಗಲಿ?

ಉತ್ತರ:
ಬೆರಾ ನಿದ್ದೆಯಲ್ಲಿ ಮಾಡೋದು, ಹಾಗಾಗಿ ಅವತ್ತು ಮಗು ದಾರಿಯಲ್ಲಿ ಮಲಗದ ಹಾಗೆ ನೋಡ್ಕೊಳ್ಳಿ. ಅವನು ಹೇಳೋ ಪದಗಳನ್ನು ಅವನು ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಮನೆಯಲ್ಲಿ ಆಡ್ತಿರುವಾಗ ಎರಡು ನಿಮಿಷದ ವಿಡಿಯೋ ಮಾಡಿ, ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡಲ್ಲ. ಆಗೋದಾದರೆ ನಿಮ್ಮತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಮಗ ಎಷ್ಟನೇ ವಯಸ್ಸಿಗೆ ಏನು ಮಾತಾಡಿದ ಅಂತ ಅವರ ಬಾಯಿಂದಲೇ ಕೇಳಬೇಕಾಗುತ್ತೆ.