ಎಪಿಎಲ್ ರಕ್ತ ಕ್ಯಾನ್ಸರ್: ಬದುಕುಳಿಯುವ ಪ್ರಮಾಣದ ಅಂಕಿಗಳಲ್ಲಿ ಇಷ್ಟು ಅಂತರವೇಕೆ?

ಪ್ರಶ್ನೆ

ನನ್ನ ತಂಗಿಗೆ ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ, ಅಂದರೆ ಎಪಿಎಲ್ ಇರುವುದು ಈ ವಾರ ಪತ್ತೆಯಾಗಿದೆ. ವಸಡಿನಿಂದ ರಕ್ತ ಒಸರುತ್ತಿತ್ತು, ಪೆಟ್ಟಾಗದಿದ್ದರೂ ಮೈಮೇಲೆ ಅಲ್ಲಲ್ಲಿ ನೀಲಿಗಟ್ಟುತ್ತಿತ್ತು. ಬಿಳಿ ರಕ್ತಕಣಗಳ ಎಣಿಕೆ ಹತ್ತು ಸಾವಿರಕ್ಕಿಂತ ಕಡಿಮೆ ಇದೆ. ರಕ್ತ ಕ್ಯಾನ್ಸರ್‌ಗಳಲ್ಲಿ ಇಷ್ಟು ಚೆನ್ನಾಗಿ ವಾಸಿಯಾಗುವಂಥದ್ದು ವಿರಳ ಎಂದು ಒಬ್ಬ ವೈದ್ಯರು ಧೈರ್ಯ ತುಂಬಿದರೆ, ಮೊದಲ ಕೆಲವು ವಾರ ಕಳೆಯುವವರೆಗೆ ಏನನ್ನೂ ಹೇಳಲಾಗದು ಎಂದು ಇನ್ನೊಬ್ಬರು ಎಚ್ಚರಿಸಿದ್ದಾರೆ. ನಾನು ಓದಿದ್ದರಲ್ಲಿಯೂ ಒಂದೆಡೆ ಶೇ 97, ಇನ್ನೊಂದೆಡೆ ಶೇ 74 ಎಂದಿದೆ. ಮತ್ತೊಂದೆಡೆ ಮೊದಲ ತಿಂಗಳಲ್ಲೇ ಶೇ 29 ಮಂದಿ ತೀರಿಕೊಂಡರು ಎಂದಿದೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ 1

ಮೂರೂ ನಿಜ; ಆದರೆ ಮೂರರಲ್ಲಿಯೂ ಲೆಕ್ಕಕ್ಕೆ ಬಂದ ರೋಗಿಗಳು ಬೇರೆ ಬೇರೆ. ಶೇ 97 ಎಂಬುದು ಇಟಲಿ ಮತ್ತು ಜರ್ಮನಿಯ ವೈದ್ಯರು 2013ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಬಿಳಿ ರಕ್ತಕಣಗಳು ಹತ್ತು ಸಾವಿರ ಮೀರದಿದ್ದವರಿಗೆ ಕಿಮೋಥೆರಪಿಯಿಲ್ಲದೆ ಆಟ್ರಾ (ವಿಟಮಿನ್ ಎ ವರ್ಗದ ಔಷಧ) ಮತ್ತು ಆರ್ಸೆನಿಕ್ ಟ್ರೈಆಕ್ಸೈಡ್ ಎಂಬ ಎರಡು ಔಷಧಗಳನ್ನೇ ಕೊಟ್ಟಾಗ, ಎರಡು ವರ್ಷಗಳ ಬಳಿಕವೂ ರೋಗ ಮರುಕಳಿಸದೆ ಬದುಕಿದ್ದವರ ಪ್ರಮಾಣವದು. ಶೇ 74 ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 72 ರೋಗಿಗಳದ್ದು. ಅಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದು ಅಪಾಯ ಹೆಚ್ಚಿದ್ದವರನ್ನೂ ಸೇರಿಸಿಕೊಂಡು, ಮುಖ್ಯವಾಗಿ ಆರ್ಸೆನಿಕ್ ಒಂದನ್ನೇ ನೆಚ್ಚಿ ಚಿಕಿತ್ಸೆ ಕೊಟ್ಟು, ಐದು ವರ್ಷಗಳ ಬದುಕನ್ನು ಅಳೆದರು. ಶೇ 29 ಸ್ವೀಡನ್ನಿನ 1997ರಿಂದ 2006ರವರೆಗಿನ ರಾಷ್ಟ್ರೀಯ ದಾಖಲೆಯದ್ದು. ಪ್ರಯೋಗಕ್ಕೆ ಸೇರುವ ಮೊದಲೇ ತೀರಿಕೊಂಡವರೂ ತೀರಾ ವಯಸ್ಸಾದವರೂ ಆ ಲೆಕ್ಕದಲ್ಲಿದ್ದಾರೆ, ಪ್ರಯೋಗಗಳ ಲೆಕ್ಕದಲ್ಲಿ ಅಂಥವರು ಸಿಗುವುದೇ ಇಲ್ಲ.

ಆದ್ದರಿಂದ ನಿಮ್ಮ ಇಬ್ಬರು ವೈದ್ಯರ ಮಾತಿನಲ್ಲಿ ವಿರೋಧವಿಲ್ಲ. ಈ ರೋಗದ ಜೀವಕೋಶಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುವುದರಿಂದ ಆರಂಭದ ಸಾವುಗಳಲ್ಲಿ ಬಹಳಷ್ಟು ಮಿದುಳಿನ ಅಥವಾ ಶ್ವಾಸಕೋಶದ ರಕ್ತಸ್ರಾವದಿಂದ ಆಗುತ್ತವೆ. ಆ ಘಟ್ಟ ದಾಟಿದವರಲ್ಲಿ ಬಹುಪಾಲು ಮಂದಿ ಪೂರ್ಣ ಗುಣಮುಖರಾಗುತ್ತಾರೆ. ನಾರ್ವೆಯ ಹಿಲ್ಲೆಸ್ಟಾಡ್ 1957ರಲ್ಲಿ ಇದನ್ನು ವಿವರಿಸಿದಾಗ ರೋಗಿಗಳು ಕೆಲವೇ ವಾರ ಬದುಕುತ್ತಿದ್ದರು. ಶಾಂಘೈನ ವಾಂಗ್ ಝೆನ್ಯಿ 1985ರಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ ಆಟ್ರಾ ಕೊಟ್ಟು ಗುಣಪಡಿಸಿದ ಮೇಲೆ ಚಿತ್ರವೇ ಬದಲಾಯಿತು; ವೈದ್ಯಶಾಸ್ತ್ರದಲ್ಲಿ ಇಂಥ ತಿರುವು ತೀರಾ ಅಪರೂಪ.

ಎಪಿಎಲ್ ಎಂಬ ಅನುಮಾನ ಬಂದ ಕೂಡಲೇ, ಈ ರೋಗದ ಗುರುತಾದ ಪಿಎಂಎಲ್-ರಾರಾ ಎಂಬ ಬೆಸೆದ ಜೀನ್‌ನ ಪರೀಕ್ಷೆಯ ವರದಿಗೆ ಕಾಯದೆ, ಆಟ್ರಾ ಮಾತ್ರೆ ಆರಂಭಿಸಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ತಂಗಿಗೆ ಅದು ಶುರುವಾಗಿದೆಯೇ ಎಂದು ಇಂದೇ ಕೇಳಿ. ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮಟ್ಟವನ್ನು ದಿನವೂ ನೋಡುತ್ತಿದ್ದಾರೆಯೇ, ಕುಸಿದಾಗ ತುಂಬುತ್ತಿದ್ದಾರೆಯೇ ಎಂಬುದನ್ನೂ ಕೇಳಿ.

ಉತ್ತರ 2

ನನ್ನ ಪತಿ ಇದೇ ರೋಗದಿಂದ ಗುಣವಾದವರು. ಚಿಕಿತ್ಸೆ ಆರಂಭವಾದ ಎರಡನೆಯ ವಾರದಲ್ಲಿ ಅವರಿಗೆ ಜ್ವರ ಬಂದು, ಕಾಲು ಊದಿಕೊಂಡು, ಉಸಿರಾಟ ಕಷ್ಟವಾಯಿತು. ನಾವು ಸೋಂಕು ಎಂದುಕೊಂಡೆವು. ವೈದ್ಯರು ಅದನ್ನು ಡಿಫರೆನ್ಸಿಯೇಷನ್ ಸಿಂಡ್ರೋಮ್, ಅಂದರೆ ಈ ಔಷಧಗಳಿಂದಲೇ ಉಂಟಾಗುವ ತೀವ್ರ ಪ್ರತಿಕ್ರಿಯೆ, ಎಂದು ಗುರುತಿಸಿ ತಕ್ಷಣ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಆಟ್ರಾ ಮತ್ತು ಆರ್ಸೆನಿಕ್ ಪಡೆಯುವ ಯಾರಲ್ಲಿಯಾದರೂ ಇದು ಕಾಣಿಸಿಕೊಳ್ಳಬಹುದು, ತಡವಾದರೆ ಪ್ರಾಣಕ್ಕೇ ಸಂಚಕಾರ. ತಂಗಿಯ ತೂಕವನ್ನು ದಿನವೂ ನೋಡಿಸಿ; ಒಂದೆರಡು ದಿನದಲ್ಲಿ ತೂಕ ಏರಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದಂತಾದರೆ, ರಾತ್ರಿಯಾಗಿದ್ದರೂ ಸರಿ, ನರ್ಸ್‌ಗೆ ತಿಳಿಸಿ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಊರಿನ ಆಸ್ಪತ್ರೆಯಲ್ಲಿದ್ದರೆ ಒಳ್ಳೆಯ ಫಲ ಸಿಗದು ಎಂಬ ಅಂಜಿಕೆ ನಿಮಗಿದ್ದರೆ ಒಂದು ಸಂಗತಿ ತಿಳಿದಿರಲಿ: ಬ್ರೆಜಿಲ್, ಮೆಕ್ಸಿಕೊ, ಚಿಲಿ ಮತ್ತು ಉರುಗ್ವೆಯ ಆಸ್ಪತ್ರೆಗಳು ಅನುಭವಿ ತಜ್ಞರೊಂದಿಗೆ ನಿರಂತರ ಸಂಪರ್ಕ ಇಟ್ಟುಕೊಂಡು ಒಂದೇ ವಿಧಾನದಲ್ಲಿ ಚಿಕಿತ್ಸೆ ಕೊಟ್ಟಾಗ, ಮೊದಲು ಬ್ರೆಜಿಲ್‌ನಲ್ಲಿ ಶೇ 32ರಷ್ಟಿದ್ದ ಆರಂಭಿಕ ಸಾವಿನ ಪ್ರಮಾಣ ಈ ಗುಂಪಿನಲ್ಲಿ ಶೇ 15ಕ್ಕೆ ಇಳಿಯಿತು. ನಿಮ್ಮ ವೈದ್ಯರು ದೊಡ್ಡ ಕೇಂದ್ರವೊಂದರ ರಕ್ತರೋಗ ತಜ್ಞರ ಜೊತೆ ಫೋನಿನಲ್ಲಾದರೂ ಸಮಾಲೋಚಿಸುತ್ತಿದ್ದರೆ ಅದೇ ದೊಡ್ಡ ಬಲ. ರಕ್ತಸ್ರಾವ ನಿಲ್ಲದಿರುವಾಗ ಆಟ್ರಾ ಆರಂಭಿಸದೆ ದೂರದ ಪ್ರಯಾಣ ಮಾಡಿಸಬೇಡಿ.

ಆರ್ಸೆನಿಕ್ ಹೃದಯದ ಲಯವನ್ನು ಕೆಡಿಸಬಲ್ಲದು, ಹಾಗಾಗಿ ಇಸಿಜಿ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಪರೀಕ್ಷೆಗಳನ್ನು ತಪ್ಪಿಸುವಂತಿಲ್ಲ. ಆಟ್ರಾ ಗರ್ಭದಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಚಿಕಿತ್ಸೆಗೆ ಮೊದಲು ಗರ್ಭಪರೀಕ್ಷೆಯಾಗಿದೆಯೇ ಎಂದು ಕೇಳಿಕೊಳ್ಳಿ; ಔಷಧ ನಡೆಯುವಷ್ಟು ಕಾಲ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಚಿಕಿತ್ಸೆಯ ಎಲ್ಲ ಸುತ್ತುಗಳು ಮುಗಿದ ಮೇಲೆ ಮಾಡುವ ಪಿಸಿಆರ್ ಪರೀಕ್ಷೆಯಲ್ಲಿ ಪಿಎಂಎಲ್-ರಾರಾ ಕಾಣಿಸದಿದ್ದರೆ, ತಂಗಿಯಂತೆ ಬಿಳಿ ರಕ್ತಕಣ ಕಡಿಮೆಯಿದ್ದವರಲ್ಲಿ ರೋಗ ಮರುಕಳಿಸುವುದು ತೀರಾ ಕಡಿಮೆ.