ಮೇರಿ ಸ್ಟುವರ್ಟ್‌ ಕುರಿತ ಕಾದಂಬರಿ: ಡಾರ್ನ್ಲಿಯನ್ನು ಕೊಂದವರು ಯಾರೆಂದು ನಾನು ಹೇಳಬೇಕೇ?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ಶರಣು. ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟ್‌ಳ ಆಸ್ಥಾನವನ್ನು ಕುರಿತು ಎರಡು ವರ್ಷಗಳಿಂದ ಕನ್ನಡದಲ್ಲಿ ಒಂದು ಐತಿಹಾಸಿಕ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಹನ್ನೊಂದು ಅಧ್ಯಾಯಗಳು ಮುಗಿದಿವೆ, ಹನ್ನೆರಡನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ.

ಕಥೆ ಆರಂಭವಾಗುವುದು 1566ರ ಮಾರ್ಚ್ 9ರ ರಾತ್ರಿ. ಎಡಿನ್‌ಬರೋದ ಹೋಲಿರೂಡ್ ಅರಮನೆಯಲ್ಲಿ, ಮಲಗುವ ಕೋಣೆಗೆ ಹೊಂದಿಕೊಂಡ ಇಕ್ಕಟ್ಟಾದ ಕೋಣೆಯೊಂದರಲ್ಲಿ ಆರು ತಿಂಗಳ ಬಸುರಿ ರಾಣಿ ಕೆಲವೇ ಆಪ್ತರೊಡನೆ ಊಟಕ್ಕೆ ಕುಳಿತಿದ್ದಾಳೆ. ಕೆಳಗಿನ ಅಂತಸ್ತಿನ ತನ್ನ ಕೋಣೆಯಿಂದ ಒಳಮೆಟ್ಟಿಲು ಹತ್ತಿ ಗಂಡ ಡಾರ್ನ್ಲಿ ಬರುತ್ತಾನೆ. ಅವನ ಬೆನ್ನಿಗೇ, ಕಾಯಿಲೆಯಿಂದ ಬಿಳಿಚಿಕೊಂಡ ಮೈಮೇಲೆ ಉಕ್ಕಿನ ಕವಚ ತೊಟ್ಟ ಲಾರ್ಡ್ ರಿವೆನ್ ಬಾಗಿಲಲ್ಲಿ ನಿಲ್ಲುತ್ತಾನೆ. ರಾಣಿಯ ಸೆರಗು ಹಿಡಿದು ಬೇಡಿಕೊಳ್ಳುತ್ತಿದ್ದ ಇಟಲಿಯ ಕಾರ್ಯದರ್ಶಿ ಡೇವಿಡ್ ರಿಟ್ಸಿಯೋನನ್ನು ಹೊರಗೆ ಎಳೆದೊಯ್ದು, ಐವತ್ತಕ್ಕೂ ಹೆಚ್ಚು ಸಲ ಇರಿದು ಕೊಲ್ಲುತ್ತಾರೆ. ಇಷ್ಟನ್ನು ಬರೆಯುವುದು ಕಷ್ಟವಾಗಲಿಲ್ಲ, ಏಕೆಂದರೆ ಯಾರು ಬಂದರು, ಯಾರು ಇರಿದರು ಎಂಬುದು ಗೊತ್ತಿದೆ.

ಕಷ್ಟವಾಗಿರುವುದು ಮುಂದಿನ ಕೊಲೆ. 1567ರ ಫೆಬ್ರವರಿ 10ರ ನಸುಕಿನಲ್ಲಿ ಕರ್ಕ್ ಓ ಫೀಲ್ಡ್ ಎಂಬಲ್ಲಿ ಡಾರ್ನ್ಲಿ ಮಲಗಿದ್ದ ಮನೆ ಮದ್ದಿನಿಂದ ಸಿಡಿದು ನೆಲಸಮವಾಯಿತು. ಅವನ ಹೆಣವಾದರೋ ಹೊರಗೆ ತೋಟದಲ್ಲಿ, ಸುಟ್ಟ ಗುರುತೇ ಇಲ್ಲದೆ ಸಿಕ್ಕಿತು. ರಾಣಿ ಆ ರಾತ್ರಿ ತನ್ನ ಸೇವಕನೊಬ್ಬನ ಮದುವೆಯ ಸಂಭ್ರಮಕ್ಕೆಂದು ಹೋಲಿರೂಡಿಗೆ ಮರಳಿದ್ದಳು. ಅವಳಿಗೆ ಸಂಚು ಗೊತ್ತಿತ್ತೋ ಇಲ್ಲವೋ ಎಂಬುದು ನಾಲ್ಕೂವರೆ ಶತಮಾನಗಳಾದರೂ ಇತ್ಯರ್ಥವಾಗಿಲ್ಲ. ಕಾದಂಬರಿಕಾರಳಾದ ನಾನು ಇದನ್ನು ತೀರ್ಮಾನಿಸಬೇಕೇ? ಇನ್ನೊಂದು ತೊಡಕೂ ಇದೆ. ಓದಿದ ಗೆಳತಿಯರೆಲ್ಲ ಹೆಸರುಗಳ ಗೊಂದಲವನ್ನು ಹೇಳುತ್ತಿದ್ದಾರೆ. ಸೀಮೆಯೊಂದರ ದೊಡ್ಡ ಸರದಾರನ ಬಿರುದಾದ ‘ಅರ್ಲ್’ ಎಂಬುದನ್ನು ‘ದೇಸಾಯಿ’ ಎಂದು ಬದಲಿಸಿದರೆ ಹೇಗೆ?

ಉತ್ತರ 1 (ಇಳಕಲ್ಲಿನಿಂದ)

ಅಕ್ಕಾವರಿಗೆ ನಮಸ್ಕಾರ. ದಯವಿಟ್ಟು ದೇಸಾಯಿ ಎಂದು ಬದಲಿಸಬೇಡಿ. ವಂಶಪಾರಂಪರ್ಯದ ಭೂಮಿ, ಸ್ವಂತ ಕೋಟೆ, ಕರೆದಾಗ ಕತ್ತಿ ಹಿಡಿದು ಬರುವ ಬಂಧುಬಳಗ, ಇಷ್ಟರಮಟ್ಟಿಗೆ ಹೋಲಿಕೆ ಇದೆ, ನಿಜ. ಆದರೆ ಆ ಪದ ಬಂದ ಕೂಡಲೇ ನಮ್ಮ ಕಣ್ಣಿಗೆ ಕಾಣುವುದು ವಾಡೆ, ಪಟಗ, ಕಟ್ಟೆಯ ಮೇಲಿನ ಪಂಚಾಯತಿ; ಸ್ಕಾಟ್ಲೆಂಡಿನ ಮಂಜು, ಕಲ್ಲಿನ ಗೋಪುರ ಅಲ್ಲಿಗೇ ಮಾಯವಾಗುತ್ತವೆ.

ಹೆಸರಿನ ಗೊಂದಲಕ್ಕೆ ಮಾತ್ರ ನಮ್ಮ ಕಡೆಯ ರೂಢಿಯಲ್ಲಿಯೇ ಪರಿಹಾರವಿದೆ. ಬಾತ್‌ವೆಲ್, ಮರೇ, ಮಾರ್ಟನ್, ಈ ಮೂವರು ಅರ್ಲ್‌ಗಳ ಹೆಸರೂ ಜೇಮ್ಸ್. ರಾಣಿಯ ಮಗನೂ ಜೇಮ್ಸ್, ಅವಳ ತಂದೆಯೂ ಜೇಮ್ಸ್. ರಾಣಿಯ ಜೊತೆ ಫ್ರಾನ್ಸಿಗೆ ಹೋಗಿ ಬೆಳೆದ ನಾಲ್ವರು ಸಖಿಯರೂ ಮೇರಿಯರೇ. ಹುಟ್ಟುಹೆಸರನ್ನು ಬಿಟ್ಟು ಸೀಮೆಯ ಹೆಸರಿನಿಂದಲೇ ಕರೆಯಿರಿ. ‘ಕಿತ್ತೂರಿನವರು’, ‘ಜಮಖಂಡಿಯವರು’ ಎಂದರೆ ಯಾರೆಂದು ತಿಳಿಯುವ, ಅಡ್ಡಹೆಸರೇ ಊರಿನ ಹೆಸರಾಗಿರುವ ನಾಡಿನ ಓದುಗರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ನೀವು ‘ರುಥ್ವೆನ್’ ಎನ್ನದೆ ಉಚ್ಚಾರಣೆಯಂತೆ ‘ರಿವೆನ್’ ಎಂದು ಬರೆದದ್ದು ಸರಿಯಾಗಿದೆ.

ಉತ್ತರ 2 (ಬೆಳಗಾವಿಯಿಂದ, ನಿವೃತ್ತ ಇತಿಹಾಸ ಶಿಕ್ಷಕ)

ತಂಗೀ, ಕೊಂದವರು ಯಾರೆಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ಸರದಾರರು ಸಂಚು ಮಾಡುತ್ತಿದ್ದ ರೀತಿಯನ್ನು ನೋಡಿರಿ. ಅವರು ಕಾಗದ ಬರೆದು, ಒಬ್ಬರಿಗೊಬ್ಬರು ಬೆಂಬಲಿಸುವುದಾಗಿ ಸಹಿ ಹಾಕಿ ಕೊಲೆಗೆ ಇಳಿಯುತ್ತಿದ್ದರು. ಆ ಕರಾರಿಗೆ ಅವರು ‘ಬ್ಯಾಂಡ್’ ಎನ್ನುತ್ತಿದ್ದರು; ನಾವು ಇಂದಿಗೂ ಬರೆಸುವ ಬಾಂಡ್ ಪೇಪರಿನ ‘ಬಾಂಡ್’ ಅದೇ ಪದ. ನಾಳೆ ಯಾರೂ ಕೈಕೊಡಬಾರದೆಂದು ಎಲ್ಲರ ಕೈಯನ್ನೂ ಒಂದೇ ಹಗ್ಗದಿಂದ ಕಟ್ಟುವ ಉಪಾಯ ಅದು.

ರಿಟ್ಸಿಯೋನ ಕೊಲೆಗೆ ಮುನ್ನ ಡಾರ್ನ್ಲಿಯೂ ಅಂಥ ಕಾಗದಕ್ಕೆ ಸಹಿ ಹಾಕಿದ್ದ. ಕೊಲೆಯಾದ ಎರಡೇ ದಿನಗಳಲ್ಲಿ ರಾಣಿಯ ಕಡೆಗೆ ತಿರುಗಿ, ಅವಳೊಡನೆ ಡನ್‌ಬಾರ್‌ಗೆ ಓಡಿಹೋಗಿ, ತನಗೇನೂ ಗೊತ್ತಿರಲಿಲ್ಲವೆಂದು ಆಣೆ ಮಾಡಿದ. ಮೋಸಹೋದ ಜೊತೆಗಾರರು ಅವನ ಸಹಿಯಿದ್ದ ಕಾಗದವನ್ನೇ ರಾಣಿಗೆ ತಲುಪಿಸಿದರು. ನನ್ನ ಮಟ್ಟಿಗೆ ಡಾರ್ನ್ಲಿಯ ಸಾವು ಆರಂಭವಾಗುವುದು ಆ ಕಾಗದ ಅವಳ ಕೈಸೇರಿದ ಗಳಿಗೆಯಲ್ಲಿ. ಮದ್ದು ತಂದವರು ಯಾರೆಂಬುದು ಆಮೇಲಿನ ಮಾತು.

ಮುಂದಿನದು ಇನ್ನೂ ವಿಚಿತ್ರ. 1567ರ ಏಪ್ರಿಲ್ 12ರಂದು ಬಾತ್‌ವೆಲ್ ಡಾರ್ನ್ಲಿಯ ಕೊಲೆಯ ಆರೋಪದಿಂದ ಬಿಡುಗಡೆಯಾದ. ವಾರದೊಳಗೆ ಎಡಿನ್‌ಬರೋದ ಏನ್ಸ್ಲಿ ಎಂಬ ಪಾನಗೃಹದ ಹೆಸರಿನಿಂದ ಪ್ರಸಿದ್ಧವಾದ ಕಾಗದದಲ್ಲಿ, ರಾಣಿ ಅವನನ್ನೇ ಮದುವೆಯಾಗಲಿ ಎಂದು ಅನೇಕ ಸರದಾರರೂ ಬಿಷಪ್ಪರೂ ಸಹಿ ಹಾಕಿದರು. ಮೇ 15ರಂದು ಮದುವೆಯಾಯಿತು. ಜೂನ್ 15ರಂದು, ಸಹಿ ಹಾಕಿದವರಲ್ಲಿಯೇ ಕೆಲವರು ಕಾರ್ಬೆರಿ ಗುಡ್ಡದಲ್ಲಿ ಸೈನ್ಯ ಕಟ್ಟಿಕೊಂಡು ಅದೇ ಮದುವೆಯ ವಿರುದ್ಧ ನಿಂತಿದ್ದರು. ರಾಣಿಯನ್ನು ಅಪರಾಧಿಯೆಂದು ತೋರಿಸಲು ಬಳಸಿದ, ಅವಳು ಬಾತ್‌ವೆಲ್‌ಗೆ ಬರೆದಳೆನ್ನಲಾದ ಬೆಳ್ಳಿ ಪೆಟ್ಟಿಗೆಯ ಪತ್ರಗಳ ಮೂಲ ಪ್ರತಿಗಳು ಕಳೆದುಹೋಗಿ, ನಕಲುಗಳೂ ಅನುವಾದಗಳೂ ಮಾತ್ರ ಉಳಿದಿವೆ. ಆದ್ದರಿಂದ ಆ ಪತ್ರಗಳ ಆಧಾರದಿಂದ ತೀರ್ಪು ಕೊಡಬೇಡಿ. ಬದಲಾಗಿ ಕಾಗದ ಒಯ್ಯುವವನ ಕಣ್ಣಿನಿಂದ ಕಥೆ ಹೇಳಿರಿ. ಬಾತ್‌ವೆಲ್‌ನ ಸೇವಕನಾಗಿದ್ದು ರಾಣಿಯ ಸೇವೆಗೆ ಬಂದ ನಿಕೊಲಾ ಹ್ಯೂಬರ್ಟ್ ಎಂಬ ಫ್ರೆಂಚ್ ಆಳು ಇದ್ದ. ‘ಪ್ಯಾರಿಸ್’ ಎಂದೇ ಅವನನ್ನು ಕರೆಯುತ್ತಿದ್ದರು. ದೊಡ್ಡವರು ತಪ್ಪಿಸಿಕೊಂಡರು, ಅವನನ್ನು 1569ರಲ್ಲಿ ಗಲ್ಲಿಗೇರಿಸಿದರು. ಅವನಿಗೆ ಎಷ್ಟು ಗೊತ್ತಿತ್ತೋ ಓದುಗರಿಗೂ ಅಷ್ಟೇ ಗೊತ್ತಾಗಲಿ.

ಉತ್ತರ 3 (ಇಂಡಿಯಿಂದ)

ಮಾಸ್ತರರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ. ಆಳಿನ ಕಣ್ಣಿಗೆ ಕಾಣದಿರಬಹುದು, ಆದರೆ ಬರೆಯುವವರ ಮನಸ್ಸಿನಲ್ಲಿ ತೀರ್ಮಾನ ಇರಲೇಬೇಕು. ಇಲ್ಲದಿದ್ದರೆ ರಾಣಿ ಬಾಯಿಬಿಟ್ಟಾಗಲೆಲ್ಲ ಮಾತು ಸಪ್ಪೆಯಾಗುತ್ತದೆ. ಗಂಡನ ಸುದ್ದಿ ಕೇಳಿದ ಬೆಳಿಗ್ಗೆ ಅವಳು ಅಳುವುದು ದುಃಖಕ್ಕೋ ಭಯಕ್ಕೋ ಎಂಬುದು ನಿಮಗಾದರೂ ಗೊತ್ತಿರಬೇಕು.

ಇನ್ನೊಂದು ಮಾತು. ವಿಜಯಪುರದಲ್ಲಿ ಕುಳಿತು ಈ ಕಥೆ ಬರೆಯುವವರಿಗೆ ಒಂದು ಅನುಕೂಲವಿದೆ. ಮೇರಿಯ ಮಗ ಜೇಮ್ಸ್ 1567ರಲ್ಲಿ ಹದಿಮೂರು ತಿಂಗಳ ಕೂಸಾಗಿದ್ದಾಗ ಪಟ್ಟಕ್ಕೆ ಬಂದ. ನಿಮ್ಮ ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಪಟ್ಟಕ್ಕೆ ಬಂದದ್ದು 1580ರಲ್ಲಿ, ಒಂಬತ್ತು ವರ್ಷದವನಾಗಿದ್ದಾಗ. ಅಲ್ಲಿ ಮರೇ, ಲೆನಾಕ್ಸ್, ಮಾರ್, ಮಾರ್ಟನ್ ಒಬ್ಬರಾದ ಮೇಲೊಬ್ಬರು ಬಾಲರಾಜನ ಪರವಾಗಿ ಆಳಿದರು. ಇಬ್ಬರು ಗುಂಡಿಗೆ ಬಲಿಯಾದರು, ಮಾರ್ಟನ್‌ನ ತಲೆಯನ್ನು ಡಾರ್ನ್ಲಿಯ ಕೊಲೆಯ ಪಾಲಿಗಾಗಿಯೇ 1581ರಲ್ಲಿ ಕತ್ತರಿಸಿದರು. ಇಲ್ಲಿ ಆಸ್ಥಾನದ ಸರದಾರ ಕಿಶ್ವರ್ ಖಾನನು, ಬಾಲಸುಲ್ತಾನನ ಪರವಾಗಿ ಆಳುತ್ತಿದ್ದ ಚಾಂದಬೀಬಿಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ; ಆಮೇಲೆ ಇನ್ನೊಬ್ಬ ಸರದಾರ ದಿಲಾವರ್ ಖಾನನ ಕೈಗೆ ಅಧಿಕಾರ ಹೋಯಿತು. ಇದನ್ನು ಪುಸ್ತಕದಲ್ಲಿ ಹೇಳಬೇಕಾಗಿಲ್ಲ. ಆದರೆ ಅರಮನೆಯಲ್ಲಿ ಬೆಳೆಯುವ ಮಗು ಯಾರ ಹೆಜ್ಜೆಯ ಸದ್ದಿಗೆ ಬೆಚ್ಚುತ್ತದೆ ಎಂಬುದನ್ನು ಬರೆಯುವ ಮೊದಲು ಒಂದು ಸಂಜೆ ಗಗನಮಹಲಿನ ಆ ದೊಡ್ಡ ಕಮಾನಿನ ಕೆಳಗೆ ಕುಳಿತು ಬನ್ನಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಶರಣು. ‘ಅರ್ಲ್’ ಹಾಗೆಯೇ ಉಳಿಯಲಿ, ಜೇಮ್ಸರೆಲ್ಲ ತಮ್ಮ ತಮ್ಮ ಸೀಮೆಯ ಹೆಸರಿಗೆ ಮರಳಲಿ. ಹನ್ನೆರಡನೆಯ ಅಧ್ಯಾಯವನ್ನು ಪ್ಯಾರಿಸ್‌ನ ಬಾಯಿಂದ ಹೇಳಿಸಿ ನಿನ್ನೆ ರಾತ್ರಿ ನಾಲ್ಕು ಪುಟ ಬರೆದೆ. ರಾಣಿಗೆ ಎಷ್ಟು ಗೊತ್ತಿತ್ತೆಂಬುದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆ ಸಾಲನ್ನು ಕಾದಂಬರಿಯೊಳಗೆ ತರುವುದಿಲ್ಲ. ಮಾಸ್ತರರೇ, ಮೊದಲ ಹನ್ನೊಂದು ಅಧ್ಯಾಯಗಳು ರಾಣಿಯ ಹತ್ತಿರದಿಂದಲೇ ಹೇಳಿದವು. ಅವನ್ನೂ ಪ್ಯಾರಿಸ್‌ನ ಬಾಯಿಗೆ ಹಾಕಿ ತಿದ್ದಬೇಕೇ, ಅಥವಾ ಇಲ್ಲಿಂದ ಮಾತ್ರ ದನಿ ಬದಲಾದರೆ ಓದುಗರು ಒಪ್ಪಿಯಾರೇ?